ಪಗಾರ ಏರೈತಿ, ಆದ್ರ ತಿಂಗಳ ಯಾಕ ಹೊಂದವಲ್ದು? ನಿಮ್ಮ ನಿಮ್ಮ ಕೆಲಸದಾಗ ಹೆಂಗೈತಿ ಹೇಳ್ರಿ

ಉದ್ಯಮಬಾಗ ಮೋಲ್ಡರ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ನಾ ಉದ್ಯಮಬಾಗದಾಗ ಒಂದ ಫೌಂಡ್ರಿಯೊಳಗ (ಎರಕ ಹೊಯ್ಯೂ ಕಾರ್ಖಾನಿ) ಅಚ್ಚು ಮಾಡೂ ಮೋಲ್ಡಿಂಗ್ ಕೆಲಸಕ್ಕ ಅದೀನಿ, 11 ವರ್ಷ ಆತು. ಸೇರಿದಾಗ ಕೈಗೆ 8,500 ಬರ್ತಿತ್ತು, ಈಗ 16,000 ಬರ್ತೈತಿ, ಲೆಕ್ಕ ಹಾಕಿದ್ರ ಡಬಲ್‌ಗೆ ಸನೇಕ ಬಂದೈತಿ ಅನ್ರಿ, ಆದ್ರೂ 20ನೇ ತಾರೀಖ ಬರೂದ್ರಾಗ ಕೈ ಖಾಲಿ. ಇದು ನನಗ ತಿಳಿವಲ್ದು. ಮೊನ್ನೆ ಟ್ರಂಕ್ ತಗದಾಗ ನಮ್ಮ ಮನ್ಯಾಕಿಗೆ 2014ರ ಕಿರಾಣಿ ವಹಿ ಸಿಕ್ತು, ಇಬ್ಬರೂ ಕುಂತು ನೋಡಿದ್ವಿ. ಜ್ವಾಳ ಕಿಲೋಕ್ಕ 22 ಅಂತ ಬರದೈತಿ, ಈಗ ರೊಟ್ಟಿ ಚಲೋ ಆಗೂ ಬಿಳಿಜ್ವಾಳ 50ರ ಕೆಳಗ ಕೊಡೂದಿಲ್ಲ. ವಡಗಾವ್ಯಾಗ ಎರಡ ಖೋಲಿ ಬಾಡಿಗಿ ಆವಾಗ 2,200 ಇತ್ತು, ಅದ ಓಣ್ಯಾಗ ಈಗ 6,000. ಮಗಳ ಸಾಲಿ ಫೀ ಅನ್ನೂದು ಆ ವಹ್ಯಾಗ ಇಲ್ಲೇ ಇಲ್ಲ, ಆಕಿ ಹುಟ್ಟಿದ್ದಿಲ್ಲ.

ನಮ್ಮ ಫೌಂಡ್ರಿ ಒಂದರಾಗ ಹಿಂಗೇನು, ಇಲ್ಲಾ ಎಲ್ಲಾ ಕಡೆ ಹಿಂಗ ಐತೇನು? ಸರ್ಕಾರಿ ನೌಕರಿ, ಮಗ್ಗ, ಹೊಲ, ಯಾವುದರಾಗ ಇದ್ರೂ ನಿಮ್ಮ ಲೆಕ್ಕ ಬರೀರಿ.

ವಿಜಯಪುರ ಮಾಸ್ತರ

ತಮ್ಮಾ, ನಾ ಸರ್ಕಾರಿ ಶಿಕ್ಷಕ, ಇದ್ದದ್ದು ಇದ್ದಂಗ ಹೇಳ್ತೀನಿ. ನಮಗ ಪರವಾಗಿಲ್ಲ. ಯಾಕಂದ್ರ ನಮ್ಮ ಪಗಾರಕ್ಕ ತುಟ್ಟಿಭತ್ಯೆ ಅಂತ ಒಂದ ಹಗ್ಗ ಕಟ್ಯಾರ, ಸಾಮಾನ ತುಟ್ಟಿ ಆದಂಗ ಅದೂ ಏರ್ತೈತಿ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಅಂತ ಒಂದ ಐತಿ, ಅವರು ಕೊಳ್ಳೂ ಸಾಮಾನಿನ ರೇಟ್ ಎಷ್ಟ ಏರಿತು ಅಂತ ಅಳಿಯೂ ಲೆಕ್ಕ ಅದು, ಅದರ ಮ್ಯಾಲೆ ಕೇಂದ್ರದವರ ಭತ್ಯೆ ಲೆಕ್ಕ ಹಾಕ್ತಾರ, ಆಮ್ಯಾಲೆ ರಾಜ್ಯದವರೂ ಏರಸ್ತಾರ. ಅದಕ್ಕ ರೇಟ್ ಬರ್ಕೊಳ್ಳೂ ಊರಾಗ ನಿಮ್ಮ ಬೆಳಗಾವಿನೂ ಒಂದು.

2024ರ ಆಗಸ್ಟ್ 1ರಿಂದ 7ನೇ ವೇತನ ಆಯೋಗದ ಪಗಾರ ಬಂತು, ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ಆತು. ಮಂದಿ 10,000 ಒಮ್ಮೆಲೇ ಏರಿತು ಅಂತ ತಿಳ್ಕೊಂಡಾರ, ಹಂಗಲ್ಲ. ಮೊದಲ ಕೊಡ್ತಿದ್ದ 31 ಪರ್ಸೆಂಟ್ ತುಟ್ಟಿಭತ್ಯೆ ಅದರಾಗ ಕೂಡಸ್ಯಾರ, ಖರೆ ಹೆಚ್ಚಳ ಹಳೇ ಮೂಲವೇತನದ 27.5 ಪರ್ಸೆಂಟ್. ಅದೂ ಸಣ್ಣದಲ್ಲ, ಒಪ್ಪತೀನಿ.

ನಿನ್ನ ಲೆಕ್ಕಕ್ಕ ಬರೂಣು. 2014-15ರಿಂದ 2024-25ಕ್ಕ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು 60 ಪರ್ಸೆಂಟ್ ಏರೈತಿ, ನಿನ್ನ ಪಗಾರ ಅದಕ್ಕಿಂತ ಮುಂದ ಐತಿ. ಆದ್ರ ಸೂಚ್ಯಂಕ ಅಂದ್ರ ಎಲ್ಲಾರ ಖರ್ಚಿನ ಸರಾಸರಿ. ನಿನ್ನ ವಹ್ಯಾಗ ಜ್ವಾಳ ಡಬಲ್ ದಾಟೈತಿ, ಬಾಡಿಗಿ ಡಬಲ್‌ಕಿಂತ ಭಾಳ ಮುಂದ ಹೋಗೈತಿ, ಮ್ಯಾಲೆ ಸಾಲಿ ಫೀ ಹೊಸದಾಗಿ ಬಂದೈತಿ. ಸ್ವಂತ ಮನಿ ಇದ್ದಾಂವಗ ಹೊಂದತೈತಿ, ಬಾಡಿಗಿ ಮನ್ಯಾಗ ಇದ್ದಾಂವಗ ಹೊಂದೂದಿಲ್ಲ, ಪಗಾರ ಒಂದ ಇದ್ರೂ.

ಬನಹಟ್ಟಿ ಮಗ್ಗ

ಮಾಸ್ತರ, ನಿಮಗ ಹಗ್ಗ ಕಟ್ಯಾರ ಅಂದ್ರಲಾ, ನಮಗ ಹಗ್ಗಾನೂ ಇಲ್ಲ ಗೂಟಾನೂ ಇಲ್ಲ. ಪವರ್‌ಲೂಮ್ ನೇಕಾರಗ ಪಗಾರ ಅಂತ ಇರೂದಿಲ್ಲರಿ, ಸೀರಿಗೆ ಇಷ್ಟು ಅಂತ ಕೂಲಿ. ನೂಲು ಸಾಹುಕಾರಂದು, ನೇಯೂದಷ್ಟ ನಮ್ದು. ನೂಲಿನ ರೇಟ್ ಏರಿದ್ರ ಮೊದಲ ನಮ್ಮ ಕೂಲಿಗೆ ಕತ್ತರಿ, ನೂಲಿನ ರೇಟ್ ಇಳದ್ರ ನಮ್ಮ ಕೂಲಿ ಏರಿದ್ದು ನಾ ಅಂತೂ ನೋಡಿಲ್ಲ. ಹತ್ತ ವರ್ಷದಾಗ ಸೀರಿಗೆ 25-30 ರೂಪಾಯಿ ಏರಿರಬೇಕು ಅಷ್ಟ.

ಇನ್ನೊಂದ ಮಾತು ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ನಮ್ಮವ್ವಗ ಈಗ 68, ಮುಂಜಾನೆ ಚಾ ಕುಡದು ಕಂಡಿಕಿ (ಮಗ್ಗಕ್ಕ ಹಾಕೂ ನೂಲಿನ ಉರುಳಿ) ಸುತ್ತಾಕ ಕುಂತ್ರ ಮಧ್ಯಾಹ್ನದ ತನಕ ಏಳೂದಿಲ್ಲ, ಬೆರಳಿನ ತುದಿ ನೂಲು ಹರದು ಹರದು ಗೆರಿ ಬಿದ್ದಾವ. ಹಬ್ಬದ ಮುಂದ ಆರ್ಡರ್ ಇದ್ದಾಗ ನಮ್ಮ ಮನ್ಯಾಕಿನೂ ಕುಂದರ್ತಾಳ. ಮೂರು ಮಂದಿ ದುಡಿಮಿ, ಕೂಲಿ ಬರೂದು ನನ್ನ ಒಬ್ಬನ ಹೆಸರಿಗೆ. ಹಂಗಾರ ಒಬ್ಬೊಬ್ಬರಿಗೆ ದಿನಕ್ಕ ಏನು ಬಿತ್ತು ಅಂತ ನೀವ ಭಾಗಾಕಾರ ಮಾಡ್ರಿ. ಸರ್ಕಾರದ ನೇಕಾರ ಸಮ್ಮಾನದ 5,000 ವರ್ಷಕ್ಕೊಮ್ಮೆ ಬರ್ತಾವ, ಬಂದಾಗ ಅಂಗಡಿ ಉದ್ರಿ ತೀರತೈತಿ.

ಅಂಗನವಾಡಿ ಅಕ್ಕ (ಬಸವನ ಬಾಗೇವಾಡಿ ಕಡೆ)

ಅಣ್ಣಾರ ನಂದೂ ಒಂದ ಮಾತ ಐತ್ರಿ. ನಮಗ ಕೊಡೂದಕ್ಕ ವೇತನ ಅನ್ನೂದಿಲ್ಲ, ಗೌರವಧನ ಅಂತಾರ. ಆ ಹೆಸರಿನಾಗ ಎಲ್ಲಾ ಐತಿ ನೋಡ್ರಿ, ವೇತನ ಅಲ್ಲಂದ ಮ್ಯಾಲೆ ತುಟ್ಟಿಭತ್ಯೆ ಎಲ್ಲಿಂದ ಬರಬೇಕು? ನಮ್ಮದು ಏರಬೇಕಾದ್ರ ಬೆಂಗಳೂರಿಗೆ ಹೋಗಿ ರಸ್ತೆಮ್ಯಾಲೆ ಕುಂದರಬೇಕು. 2025ರ ಬಜೆಟ್‌ನ್ಯಾಗ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಸಿದ್ರು, ಅದೂ ಎಷ್ಟ ವರ್ಷ ಕೂಗಿದ ಮ್ಯಾಲೆ. ಹಾಲು, ಎಣ್ಣಿ, ಗ್ಯಾಸ್ ಏರಾಕ ಯಾರೂ ಧರಣಿ ಮಾಡೂದಿಲ್ಲ, ಅವು ತಾವ ಏರ್ತಾವ.

ಗೃಹಲಕ್ಷ್ಮಿ 2,000 ಬಂದದ್ದು ನಮ್ಮ ಊರ ಹೆಣ್ಮಕ್ಕಳಿಗೆ ಭಾಳ ಆಸರಾಗೈತಿ, ನಾ ಕಣ್ಣಾರೆ ಕಂಡೀನಿ. ಆದ್ರ ಅದು ಕೂಲಿ ಅಲ್ಲ. ಕೂಲಿ ಸಾಲಲಾರದ್ದಕ್ಕ ಅದು ಕಿರಾಣಿಗೆ ಹೋಗಾಕತ್ತೈತಿ, ಇಲ್ಲಾಂದ್ರ ಸಂಘದಾಗ ಉಳಿತಿತ್ತು.

ಮುಧೋಳ ಕಬ್ಬು

ನಾ ಕೂಲಿ ಕೊಡಾಂವ, ಆ ಕಡೆಯಿಂದ ಹೇಳ್ತೀನಿ. ಉದ್ಯೋಗ ಖಾತ್ರಿ ಕೂಲಿ ನಮ್ಮ ರಾಜ್ಯದಾಗ 2014-15ಕ್ಕ 191 ಇತ್ತು, 2025-26ಕ್ಕ 370. ಇದೂ ಸೂಚ್ಯಂಕಕ್ಕ ಕಟ್ಟಿದ್ದ, ಅದಕ್ಕ ಸುಮಾರು ಡಬಲ್ ಆಗೈತಿ, ಆದ್ರ ವರ್ಷಕ್ಕ ನೂರ ದಿನದ ಕೆಲಸ ಇತ್ತು. ನಮ್ಮ ಹೊಲಕ್ಕ 370ಕ್ಕ ಗಂಡಾಳ ಬರೂದಿಲ್ಲ, ಅವರ ತಪ್ಪಲ್ಲ ಅದು, ಅವರೂ ಉಣ್ಣಬೇಕಲಾ.

ಈಗ ನಮ್ಮ ಕಬ್ಬಿನ ರೇಟ್ ನೋಡ್ರಿ. ಕೇಂದ್ರದ ಎಫ್‌ಆರ್‌ಪಿ, ಅಂದ್ರ ಕಾರ್ಖಾನಿಯವರು ಕೊಡಲೇಬೇಕಾದ ಕನಿಷ್ಠ ರೇಟ್, 2014-15ಕ್ಕ ಟನ್ನಿಗೆ 2,200, 2025-26ಕ್ಕ 3,550. ಪೇಪರ್‌ನ್ಯಾಗ ಓದಿದ್ರ ಚಲೋ ಏರೈತಿ ಅನಸ್ತೈತಿ. ಆದ್ರ ಆ 2,200 ಇದ್ದದ್ದು 9.5 ಪರ್ಸೆಂಟ್ ಇಳುವರಿಗೆ (ಕಬ್ಬಿನಾಗಿಂದ ಬರೂ ಸಕ್ಕರಿ), ಈ 3,550 ಇರೂದು 10.25 ಇಳುವರಿಗೆ. ಅದ 9.5ಕ್ಕ 2025-26ರಾಗ ಬರೂದು 3,290. ಅಂದ್ರ 11 ವರ್ಷದಾಗ 50 ಪರ್ಸೆಂಟ್, ಅದರಾಗ ಕಟಾವು ಸಾಗಾಣಿಕಿನೂ ಮುರಕೋತಾರ. 2025ರ ನವೆಂಬರ್‌ನ್ಯಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸ್‌ಗೆ ರೈತರು ಕುಂತು 3,500 ಕೇಳಿದ್ದು ಸುಮ್ಮನಲ್ಲ, ಕಡೀಕ 3,300ಕ್ಕ ಬಂದ ನಿಂತ್ತು. ಆಳಿನ ಕೂಲಿ ಡಬಲ್, ಗೊಬ್ಬರ ತುಟ್ಟಿ, ನಮ್ಮ ಮಾಲು ಒಂದೂವರಿ.

ಉದ್ಯಮಬಾಗ ಮೋಲ್ಡರ್

ಎಲ್ಲಾರ್ದೂ ಓದಿದೆ. ಬನಹಟ್ಟಿ ಅಣ್ಣಾರ, ನಿಮ್ಮ ಅವ್ವಾರ ಬೆರಳಿನ ಮಾತು ಓದಿ ನಮ್ಮ ಮನ್ಯಾಕಿಗೂ ಓದಿ ಹೇಳಿದೆ. ಮಾಸ್ತರ, ನೀವ ಹೇಳಿದ ಮ್ಯಾಲೆ ಪಗಾರ ಚೀಟಿ ತಗದ ನೋಡಿದೆ. ಬೇಸಿಕ್ ಒಂದ ಸಾಲು, ಅದರ ಕೆಳಗ ವಿಡಿಎ ಅಂತ ಒಂದ ಸಾಲು ಐತಿ. ಹಳೇ ಚೀಟಿ ಹಚ್ಚಿ ನೋಡಿದ್ರ ಎರಡ ವರ್ಷದಿಂದ ವಿಡಿಎ ಒಂದ ರೂಪಾಯಿನೂ ಸರಿದಿಲ್ಲ. ಇದು ನಿಮ್ಮ ತುಟ್ಟಿಭತ್ಯೆ ಇದ್ದಂಗ ಏನ್ರಿ?

ವಿಜಯಪುರ ಮಾಸ್ತರ

ಹೌದ ತಮ್ಮಾ, ಅದ. ಕನಿಷ್ಠ ವೇತನದ ಜೋಡಿ ಬರೂ ತುಟ್ಟಿಭತ್ಯೆ ಅದು, ರಾಜ್ಯದಾಗ ಪ್ರತಿ ಏಪ್ರಿಲ್ 1ಕ್ಕ ಹೊಸಾ ದರ ಬರ್ತೈತಿ. ಈ ವರ್ಷದ್ದು ಕಾರ್ಮಿಕ ಇಲಾಖೆ ಆಫೀಸ್‌ನ್ಯಾಗ ಇಸ್ಕೊಂಡು, ನಿನ್ನ ಕೆಲಸದ ದರ್ಜೆಗೆ ಬೇಸಿಕ್ ವಿಡಿಎ ಎರಡೂ ಕೂಡಿ ಎಷ್ಟ ಬರಬೇಕು ಅಂತ ಹಚ್ಚಿ ನೋಡು. ಕಡಿಮಿ ಬಿದ್ದಿದ್ರ ಒಬ್ಬನ ಹೋಗಬ್ಯಾಡ, ನಾಕ ಮಂದಿ ಚೀಟಿ ಕೂಡಸ್ಕೊಂಡು ಹೋಗ್ರಿ.

ಉದ್ಯಮಬಾಗ ಮೋಲ್ಡರ್

ಸೋಮವಾರ ಸುಟ್ಟಿ ಐತಿ, ಅವತ್ತ ಹೋಗ್ತೀನಿ. ಎರಕದ ಮಾಲು ಉಜ್ಜಿ ಸಾಫ ಮಾಡೂ ಫೆಟ್ಲಿಂಗ್‌ದಾಗಿನ ಇಬ್ಬರು ಬರ್ತೀನಿ ಅಂದಾರ. ಏನಾತು ಅಂತ ಇಲ್ಲೇ ಬರೀತೀನ್ರಿ.