ಮಿದುಳಿನ ಮೇಲಿನ ಹಳೆಯ ರಕ್ತ: ಎರಡು ರಂಧ್ರ ಸಾಕೇ, ತಲೆಬುರುಡೆ ತೆರೆಯಬೇಕೇ?

ಪ್ರಶ್ನೆ (ಹಾಸನದಿಂದ)

ನನ್ನ ತಂದೆಯವರಿಗೆ 78 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮೂರು ವರ್ಷವಾಗಿದ್ದು, ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ತಪ್ಪಿಸಿದವರಲ್ಲ. ಆರು ವಾರಗಳ ಹಿಂದೆ ಬಚ್ಚಲಮನೆಯಲ್ಲಿ ಕಾಲು ಜಾರಿ ಬಾಗಿಲ ಚೌಕಟ್ಟಿಗೆ ತಲೆ ತಗುಲಿತ್ತು. ಊತವೂ ಇಲ್ಲ, ಗಾಯವೂ ಇಲ್ಲ ಎಂದು ನಾವು ಅದನ್ನು ಮರೆತೇಬಿಟ್ಟಿದ್ದೆವು. ಕಳೆದ ವಾರದಿಂದ ನಡೆಯುವಾಗ ಅವರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯುತ್ತಿದೆ, ಅದು ಅವರ ಗಮನಕ್ಕೇ ಬರುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬಲಭಾಗದಲ್ಲಿ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ (ಮಿದುಳಿಗೂ ಅದರ ಹೊರಪೊರೆಗೂ ನಡುವೆ ನಿಂತ ಹಳೆಯ ರಕ್ತ) ಇದೆಯೆಂದೂ, ಮಿದುಳಿನ ನಡುಗೆರೆ 8 ಮಿ.ಮೀ. ಎಡಕ್ಕೆ ಸರಿದಿದೆಯೆಂದೂ ತಿಳಿಯಿತು. ಒಬ್ಬ ವೈದ್ಯರು ತಲೆಬುರುಡೆಯಲ್ಲಿ ಎರಡು ಬರ್ ಹೋಲ್ (ಸಣ್ಣ ರಂಧ್ರ) ಮಾಡಿ ರಕ್ತ ಹರಿಸಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಮೂಳೆಯ ಒಂದು ಭಾಗ ಎತ್ತಿ, ರಕ್ತದ ಸುತ್ತ ಬೆಳೆದ ಪೊರೆಗಳನ್ನೂ ತೆಗೆದು, ಒಂದೇ ಸಲಕ್ಕೆ ಮುಗಿಸುವುದು ಒಳ್ಳೆಯದು ಎನ್ನುತ್ತಾರೆ. ಈ ಎರಡರ ಫಲಿತಾಂಶ ಮತ್ತು ತೊಡಕುಗಳನ್ನು ಹೋಲಿಸಿ ತಿಳಿಸಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನರಶಸ್ತ್ರಚಿಕಿತ್ಸಕ)

ನಿಮ್ಮ ತಂದೆಯವರ ಸ್ಕ್ಯಾನನ್ನು ನಾನು ನೋಡಿಲ್ಲವಾದ್ದರಿಂದ ತೀರ್ಮಾನ ಹೇಳಲಾರೆ, ಆದರೆ ಹೋಲಿಕೆಯನ್ನು ಹೇಳಬಲ್ಲೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಅದರಿಂದ ಹೊರಪೊರೆಗೆ ಹೋಗುವ ಸಣ್ಣ ಅಭಿಧಮನಿಗಳು ಎಳೆದು ಕಟ್ಟಿದ ದಾರದಂತಾಗುತ್ತವೆ, ಅಲ್ಪ ಪೆಟ್ಟಿಗೂ ಹರಿಯುತ್ತವೆ. ಹಾಗೆ ಸೋರಿದ ರಕ್ತದ ಸುತ್ತ ಕೆಲವು ವಾರಗಳಲ್ಲಿ ಪೊರೆಯೊಂದು ಬೆಳೆಯುತ್ತದೆ. ಆ ಪೊರೆಯಲ್ಲಿ ಹುಟ್ಟುವ ಹೊಸ ರಕ್ತನಾಳಗಳು ತೀರಾ ದುರ್ಬಲವಾಗಿದ್ದು ಮತ್ತೆ ಮತ್ತೆ ಜಿನುಗುತ್ತವೆ. ಆದ್ದರಿಂದ ಈ ಕಾಯಿಲೆಯಲ್ಲಿ ರಕ್ತ ತೆಗೆಯುವುದಕ್ಕಿಂತ ಅದು ಮತ್ತೆ ತುಂಬದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ಆರು ವಾರದ ರಕ್ತ ಸಾಮಾನ್ಯವಾಗಿ ಗಟ್ಟಿಯಾಗಿರುವುದಿಲ್ಲ. ಹೊರಪೊರೆ ಸೀಳಿದ ಕ್ಷಣ ಬಳಸಿದ ಎಂಜಿನ್ ಆಯಿಲಿನಂಥ ಕಪ್ಪು ದ್ರವ ಒತ್ತಡದಿಂದ ಹೊರಗೆ ಬರುತ್ತದೆ. ಹೀಗೆ ತಾನಾಗಿ ಹರಿದು ಬರುವುದಕ್ಕೆ ದೊಡ್ಡ ಬಾಗಿಲು ಬೇಕಿಲ್ಲ. ಬರ್ ಹೋಲ್‌ಗಳನ್ನು ಅಗತ್ಯಬಿದ್ದರೆ ಸ್ಥಳೀಯ ಅರಿವಳಿಕೆಯಲ್ಲಿಯೂ ಮಾಡಬಹುದು, ಹೃದಯದ ತೊಂದರೆಯಿರುವ 78ರ ವಯಸ್ಸಿನವರಿಗೆ ಇದು ಸಣ್ಣ ಅನುಕೂಲವಲ್ಲ. ಕ್ರೇನಿಯಾಟಮಿಗೆ, ಅಂದರೆ ಮೂಳೆಯ ಭಾಗವನ್ನೆತ್ತಿ ಮಾಡುವ ಶಸ್ತ್ರಚಿಕಿತ್ಸೆಗೆ, ಪೂರ್ಣ ಅರಿವಳಿಕೆ ಬೇಕು, ಸಮಯವೂ ಹೆಚ್ಚು, ಪೊರೆಗಳನ್ನು ಕೀಳಹೋದಾಗ ಹೊಸ ರಕ್ತಸ್ರಾವದ ಭಯವೂ ಇದೆ. ರಕ್ತ ಗಡ್ಡೆಕಟ್ಟಿದ್ದರೆ, ಒಳಗೆ ಹಲವು ಗೋಡೆಗಳೆದ್ದು ಕೋಣೆಗಳಾಗಿದ್ದರೆ ಅಥವಾ ರಂಧ್ರದ ಶಸ್ತ್ರಚಿಕಿತ್ಸೆಯ ನಂತರವೂ ಮತ್ತೆ ಮತ್ತೆ ತುಂಬುತ್ತಿದ್ದರೆ ಮಾತ್ರ ನಾನು ಅದನ್ನು ಆರಿಸಿಕೊಳ್ಳುತ್ತೇನೆ. ಎರಡನೆಯ ವೈದ್ಯರು ಸ್ಕ್ಯಾನಿನಲ್ಲಿ ಅಂಥದ್ದೇನಾದರೂ ಕಂಡಿದ್ದಾರೆಯೇ ಎಂದು ಅವರನ್ನೇ ಕೇಳಿ. ಕಂಡಿದ್ದರೆ ಅವರ ಮಾತಿಗೆ ತೂಕವಿದೆ.

ಈಗ ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ರಂಧ್ರ ಒಂದೋ ಎರಡೋ ಎನ್ನುವುದಕ್ಕಿಂತ ಶಸ್ತ್ರಚಿಕಿತ್ಸೆಯ ನಂತರ ಡ್ರೈನ್ ಎಂಬ ಕೊಳವೆಯನ್ನು ಎರಡು ದಿನ ಬಿಡುತ್ತಾರೆಯೇ ಎಂಬುದು ಹೆಚ್ಚು ಮುಖ್ಯ. ಕೇಂಬ್ರಿಡ್ಜ್‌ನಲ್ಲಿ 215 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡ್ರೈನ್ ಇಟ್ಟವರಲ್ಲಿ ಶೇ. 9.3ರಷ್ಟು ಮಂದಿಗೆ ರಕ್ತ ಮತ್ತೆ ತುಂಬಿದರೆ, ಇಡದವರಲ್ಲಿ ಶೇ. 24ರಷ್ಟು ಮಂದಿಗೆ ತುಂಬಿತು. ಆರು ತಿಂಗಳೊಳಗಿನ ಸಾವೂ ಮೊದಲ ಗುಂಪಿನಲ್ಲಿ ಶೇ. 8.6, ಎರಡನೆಯದರಲ್ಲಿ ಶೇ. 18.1 ಇತ್ತು. ವ್ಯತ್ಯಾಸ ಇಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನೇ ಅವಧಿಗೆ ಮುನ್ನ ನಿಲ್ಲಿಸಿದರು. ಕೊಳವೆಯನ್ನು ಮಿದುಳಿನ ಪಕ್ಕದಲ್ಲಿಡದೆ ಮೂಳೆಯ ಹೊರಗೆ, ನೆತ್ತಿಯ ಚರ್ಮದ ಕೆಳಗೆ ಇಟ್ಟರೆ ಮಿದುಳಿಗೆ ಗಾಯವಾಗುವ ಅಪಾಯ ಕಡಿಮೆ, ನಾನು ಹಾಗೆಯೇ ಇಡುತ್ತೇನೆ.

ಸ್ಟೆರಾಯ್ಡ್ ಮಾತ್ರೆಯಿಂದ ಕರಗಿಸಬಹುದೆಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ: 748 ಮಂದಿಯ ಬ್ರಿಟಿಷ್ ಅಧ್ಯಯನದಲ್ಲಿ (2020) ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟವರಿಗೆ ಮರುಶಸ್ತ್ರಚಿಕಿತ್ಸೆ ಕಡಿಮೆ ಬೇಕಾಯಿತಾದರೂ, ಆರು ತಿಂಗಳ ನಂತರ ಚೆನ್ನಾಗಿದ್ದವರ ಪ್ರಮಾಣ ಔಷಧ ಪಡೆಯದವರಿಗಿಂತ ಕಡಿಮೆಯೇ ಇತ್ತು. ಮರುಶಸ್ತ್ರಚಿಕಿತ್ಸೆಯ ಲೆಕ್ಕವೊಂದನ್ನೇ ನೋಡಿ ಚಿಕಿತ್ಸೆಯನ್ನು ಅಳೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉತ್ತರ 2 (ಶಿವಮೊಗ್ಗದಿಂದ)

ನಾನು ವೈದ್ಯನಲ್ಲ, ಆದರೆ ಎರಡು ವರ್ಷದ ಹಿಂದೆ ನಮ್ಮ ಅಮ್ಮನಿಗೆ ಇದೇ ಶಸ್ತ್ರಚಿಕಿತ್ಸೆಯಾದಾಗ ಹಗಲಿರುಳು ಹಾಸಿಗೆಯ ಪಕ್ಕದಲ್ಲಿದ್ದವನು. ಡ್ರೈನ್‌ನ ಚೀಲ ತಲೆಯ ಮಟ್ಟಕ್ಕಿಂತ ಕೆಳಗೇ ಇರಬೇಕು ಎಂದು ಸಿಸ್ಟರ್ ಹೇಳಿದ್ದರು. ಮರುದಿನ ಸ್ಕ್ಯಾನಿಗೆ ಕರೆದೊಯ್ಯುವಾಗ ಸ್ಟ್ರೆಚರ್ ತಳ್ಳುತ್ತಿದ್ದವರು ಆ ಚೀಲವನ್ನು ಎತ್ತಿ ಅಮ್ಮನ ಎದೆಯ ಮೇಲಿಟ್ಟರು, ಕೊಳವೆಯ ಕ್ಲ್ಯಾಂಪನ್ನೂ ಮುಚ್ಚಿರಲಿಲ್ಲ. ಕೊಳವೆಯಲ್ಲಿದ್ದ ಕೆಂಪು ನೀರು ತಲೆಯ ಕಡೆಗೆ ಸರಿಯುವುದನ್ನು ಕಂಡು ನಾನು ಕೂಗಿಕೊಂಡೆ. ಕೆಡುಕೇನೂ ಆಗಲಿಲ್ಲ. ಆದರೂ ನಿಮ್ಮ ಮನೆಯವರೊಬ್ಬರು ಸದಾ ಆ ಚೀಲದ ಮೇಲೆ ಕಣ್ಣಿಟ್ಟಿರಲಿ, ಹೊರಡುವ ಮುನ್ನ ಕ್ಲ್ಯಾಂಪ್ ಮುಚ್ಚಿದ್ದಾರೆಯೇ ಎಂದು ಸಿಸ್ಟರ್ ಅವರನ್ನು ಸಂಕೋಚವಿಲ್ಲದೆ ಕೇಳಿ. ಅಮ್ಮನಿಗೆ ಆಮೇಲೆ ಕಷ್ಟ ಕೊಟ್ಟದ್ದು ತಲೆಯಲ್ಲ, ಮಲಗಿಯೇ ಇದ್ದುದರಿಂದ ಬಂದ ನ್ಯುಮೋನಿಯಾ. ಎಬ್ಬಿಸಿ ಕೂರಿಸಲು ವೈದ್ಯರು ಒಪ್ಪಿದ ದಿನವೇ ಕೂರಿಸಿ.

ಉತ್ತರ 3 (ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುವವರು)

ಪೊರೆಯ ಆ ದುರ್ಬಲ ನಾಳಗಳಿಗೆ ರಕ್ತ ಒದಗಿಸುವ ಮಿಡ್ಲ್ ಮೆನಿಂಜಿಯಲ್ ಅಪಧಮನಿಯನ್ನು ತೊಡೆಸಂದಿಯಿಂದ ಅಥವಾ ಮಣಿಕಟ್ಟಿನಿಂದ ಸಾಗಿಸಿದ ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಮುಚ್ಚುವ ವಿಧಾನವೂ ಈಗ ಇದೆ. 400 ರೋಗಿಗಳ ಅಧ್ಯಯನವೊಂದರಲ್ಲಿ (2024) ಶಸ್ತ್ರಚಿಕಿತ್ಸೆಯ ಜೊತೆಗೆ ಇದನ್ನೂ ಮಾಡಿದಾಗ 90 ದಿನಗಳೊಳಗೆ ಮರುಶಸ್ತ್ರಚಿಕಿತ್ಸೆ ಬೇಕಾದವರು ಶೇ. 11.3ರಿಂದ ಶೇ. 4.1ಕ್ಕೆ ಇಳಿದರು. ಆದರೆ ಪಾರ್ಶ್ವವಾಯುವಿನಂಥ ಗಂಭೀರ ತೊಡಕುಗಳು ಕೆಲವರಲ್ಲಿ ಕಂಡಿವೆ. ಈ ಅಪಧಮನಿಗೂ ಕಣ್ಣಿನ ಅಪಧಮನಿಗೂ ಕೆಲವರಲ್ಲಿ ಸಂಪರ್ಕವಿರುವುದರಿಂದ ದೃಷ್ಟಿಗೂ ಅಪಾಯವುಂಟು. ಖರ್ಚೂ ಹೆಚ್ಚು. ನಿಮ್ಮ ತಂದೆಯವರ ಕಾಲಿನ ಬಲ ಕುಂದಿರುವುದರಿಂದ ಮೊದಲು ಒತ್ತಡ ಇಳಿಯಬೇಕು, ಇದೊಂದನ್ನೇ ನೆಚ್ಚಿ ಕಾಯುವ ಹಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ವೈದ್ಯರನ್ನು ಮತ್ತೆ ಭೇಟಿಯಾಗಿ ಕೇಳಿದೆ. ಸ್ಕ್ಯಾನಿನಲ್ಲಿ ಗೋಡೆಗಳೇನೂ ಇಲ್ಲವೆಂದೂ ರಂಧ್ರದ ವಿಧಾನಕ್ಕೆ ತಮ್ಮ ಆಕ್ಷೇಪವಿಲ್ಲವೆಂದೂ ಅವರೇ ಹೇಳಿದರು. ನಾಳೆ ಬೆಳಿಗ್ಗೆ ಬರ್ ಹೋಲ್ ಮಾಡಿ ಡ್ರೈನ್ ಇಡುತ್ತಾರೆ. ಆಸ್ಪಿರಿನ್ ನಿಲ್ಲಿಸಿದ್ದಾರೆ. ಮತ್ತೆ ಯಾವಾಗ ಆರಂಭಿಸಬೇಕು?

ಉತ್ತರ 1 ಬರೆದವರು

ಅದನ್ನು ಶಸ್ತ್ರಚಿಕಿತ್ಸಕರೂ ಹೃದಯತಜ್ಞರೂ ಕೂಡಿ, ಮುಂದಿನ ಸ್ಕ್ಯಾನ್ ನೋಡಿ ನಿರ್ಧರಿಸಬೇಕು. ಬಿಡುಗಡೆಯ ಚೀಟಿಯಲ್ಲಿ ದಿನಾಂಕ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಆ ಎಡಗಾಲಿನ ಚಪ್ಪಲಿ ಮತ್ತೆ ಕಳಚತೊಡಗಿದರೆ ಆ ದಿನವೇ ಸ್ಕ್ಯಾನ್ ಮಾಡಿಸಿ.