ಅಮ್ಮನ ಆರೈಕೆಯಲ್ಲೇ ದಿನ ಹೋಗ್ತಿದೆ, ನನ್ನ ಕರೆ ಏನಾಯ್ತು?

ಪ್ರಶ್ನೆ:
ಎಲ್ಲರಿಗೂ ವಂದನೆ. ಅಮ್ಮನಿಗೆ ಪಾರ್ಶ್ವವಾಯು ಆದಮೇಲೆ ಕೆಲಸ ಬಿಟ್ಟು ಮನೆಯಲ್ಲೇ ಇದ್ದೇನೆ. ಯುವಜನರ ಸೇವೆಗೆ ದೇವರು ಕರೆದಿದ್ದಾರೆ ಅಂತ ನಂಬಿದವಳು ನಾನು. ಈಗ ಅಮ್ಮನ ಮಗ್ಗುಲು ಬದಲಾಯಿಸೋದು, ಚಮಚದಲ್ಲಿ ನೀರು ಕುಡಿಸೋದು, ಬಟ್ಟೆ ಒಗೆಯೋದು, ಇಷ್ಟೇ. ಬೈಬಲ್ ತೆರೆದರೆ ಎರಡು ವಚನಕ್ಕೇ ಜೊಂಪು. ಸಭೆಯಲ್ಲಿ (ಚರ್ಚಿನಲ್ಲಿ) ಯಾರಾದರೂ "ಸೇವೆ ಬಿಟ್ಟೆಯಾ?" ಅಂದರೆ ಮೈ ಉರಿಯುತ್ತೆ. ದೇವರ ಯೋಜನೆಯಿಂದ ಹೊರಗೆ ಬಿದ್ದಿದ್ದೇನಾ?

ಉತ್ತರ 1:
ಸಿಸ್ಟರ್, ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಓದಿ. ಅಪೊಸ್ತಲ ಪೌಲ ಆಸ್ಯ ಸೀಮೆಯಲ್ಲಿ ಸುವಾರ್ತೆ ಸಾರಬೇಕೆಂದಿದ್ದ, ಪವಿತ್ರಾತ್ಮನೇ ತಡೆದ. ಬಿಥೂನ್ಯಕ್ಕೆ ಹೊರಟ, ಅಲ್ಲೂ ತಡೆ. ಕೊನೆಗೆ ಹೋಗಿದ್ದು ಮಕೆದೋನ್ಯಕ್ಕೆ. ಬಾಗಿಲು ಮುಚ್ಚಿದ್ದಕ್ಕೆ ಅವನ ಕರೆ ರದ್ದಾಗಲಿಲ್ಲ.

ಉತ್ತರ 2:
ಅದು ಸರಿ, ಆದರೆ ಇವರ ಪ್ರಶ್ನೆಗೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಇನ್ನೂ ಹತ್ತಿರ. ತಂದೆತಾಯಿಗೆ ಸಲ್ಲಬೇಕಾದ್ದನ್ನು "ದೇವರಿಗೆ ಮುಡಿಪು" ಅಂತ ತಪ್ಪಿಸಿಕೊಳ್ಳುವವರನ್ನು ಯೇಸು ನೇರವಾಗಿಯೇ ಖಂಡಿಸಿದ. "ಸೇವೆ ಬಿಟ್ಟೆಯಾ" ಅಂತ ನಿಮ್ಮನ್ನು ಕೇಳುವವರಿಗೆ ಅದರ 9ರಿಂದ 13ರವರೆಗಿನ ವಚನ ತೋರಿಸಿ! ಸೇವೆ ಅಂದರೆ ಮೈಕು, ವೇದಿಕೆ ಅಂತ ನಮ್ಮ ಸಭೆಗಳೇ ತಲೆಗೆ ತುಂಬಿವೆ. ಅದು ನನಗೆ ಒಪ್ಪಿಗೆಯಿಲ್ಲ. ಇನ್ನು ಜೊಂಪಿನ ಮಾತು: 117ನೇ ಕೀರ್ತನೆಯಲ್ಲಿ ಇರೋದೇ 2 ವಚನ. ಅಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಅವತ್ತಿಗೆ ಸಾಕು. ವಾರಕ್ಕೊಂದು ಮಧ್ಯಾಹ್ನ ಅಮ್ಮನ ಬಳಿ ಕೂರಲು ಸಭೆಯವರನ್ನು ಕೇಳಿ, ಸಂಕೋಚ ಬೇಡ. ನಿಮಗೂ ನಿದ್ದೆ ಬೇಕು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಣ್ಣ. ಮಾರ್ಕ 7 ಎಷ್ಟೋ ಸಲ ಓದಿದ್ದೆ, ನನಗೇ ಅನ್ವಯಿಸುತ್ತೆ ಅಂತ ಹೊಳೆದಿರಲಿಲ್ಲ. ಮಧ್ಯಾಹ್ನ ಕೂರೋಕೆ ಯಾರನ್ನ ಕೇಳಲಿ ಅಂತ ಯೋಚಿಸ್ತಿದ್ದೇನೆ. "ಸೇವೆ ಬಿಟ್ಟೆಯಾ" ಅಂದವರನ್ನೇ ಕೇಳಿದರೆ ಹೇಗೆ?