ಎರಡು ಹೆಸರು ಒಂದೇ ಪಿಡಿಎಫ್‌ನಾಗ ಬಂದ್ರ ಸಂಬಂಧ ಇದ್ದಂಗೇನು?

ಗಂಗಾವತಿ_ಸೋನಾ: ತಂಗಿಗೆ ಕಾರಟಗಿ ಕಡಿಂದ ಒಂದು ಸಂಬಂಧ ಬಂದೈತ್ರಿ. ಹುಡುಗನ ಅಪ್ಪನ ಹೆಸರು, ನಮಗ ನೆಲ್ಲಿನ ರೊಕ್ಕ ಮುಳುಗಿಸಿ ಹೋದ ವ್ಯಾಪಾರಿ ಹೆಸರು, ಎರಡೂ ಕೋಟ್ಸ್‌ನಾಗ ಹಾಕಿ ಗೂಗಲ್ ಮಾಡಿದ್ರ ಒಂದೇ ಪಿಡಿಎಫ್‌ನಾಗ ಇಬ್ಬರೂ ಅದಾರ. ಒಂದೇ ಗುಂಪು ಅಂತ ನನಗ ಗ್ಯಾರಂಟಿ ಐತಿ.

ಬಿಸಿಲೂರು: ಯಾವ ಪಿಡಿಎಫ್ ಅದು ತಮ್ಮಾ?

ಗಂಗಾವತಿ_ಸೋನಾ: ಸೊಸೈಟಿ ಷೇರುದಾರರ ಪಟ್ಟಿ ಅಣ್ಣ. ವ್ಯಾಪಾರಿ 112ನೇ ನಂಬರ್, ಇವರು 611.

ಬಿಸಿಲೂರು: ಹಂಗಾದ್ರ ವೋಟರ್ ಲಿಸ್ಟ್‌ನಾಗ ಇದ್ದವರೆಲ್ಲಾ ಬೀಗರಾದ್ರು ತಗೋ 😂

ಕೋಟೆ_ಕೆಳಗೆ: ನಗಬ್ಯಾಡ್ರಿ, ಐಡಿಯಾ ಹೊಸದಲ್ಲ. 1997ರಲ್ಲಿ ರೆಫರಲ್ ವೆಬ್ ಅಂತ ಒಂದು ಮಾಡಿದ್ರು, ಯಾರ ಹೆಸರು ಯಾರ ಹೆಸರಿನ ಹತ್ರ ಬರ್ತೈತೆ ಅಂತ ವೆಬ್‌ನಾಗೆ ಹುಡುಕಿ ಪರಿಚಯದ ಸರಪಳಿ ಹೆಣೆಯೋದು. ಆದ್ರೆ ಅದು ನಡೆದಿದ್ದು ಕೂಡಿ ಲೇಖನ ಬರೆಯೋ ಸಂಶೋಧಕರ ನಡುವೆ, ಅಲ್ಲಿ ಜೊತೆಗೆ ಹೆಸರು ಬಂದ್ರೆ ಅರ್ಥ ಐತೆ. ಮತ್ತೆ ಇಬ್ಬರೂ ಕೂಡಿ ಬಂದ ಪುಟಗಳನ್ನ, ಒಬ್ಬರಾದ್ರೂ ಬಂದ ಒಟ್ಟು ಪುಟಗಳಿಂದ ಭಾಗಿಸಿ ನೋಡ್ಬೇಕು. ನಿಮ್ದು ಒಂದೇ ಪುಟ, ಅದೂ ಪಟ್ಟಿ. ಇನ್ನು ಬಸವರಾಜ ಅನ್ನೋ ಹೆಸರನ್ನ ಇಂಗ್ಲಿಷ್‌ನಾಗೆ ಮೂರು ಥರ ಬರೀತಾರೆ, ಎಷ್ಟು ಜನ ಬಸವರಾಜ ಅದಾರೋ ದೇವರಿಗೇ ಗೊತ್ತು. ನಮ್ಮೂರ ಸ್ಪೆಲ್ಲಿಂಗೇ 2014ರಲ್ಲಿ ಬದಲಾತು, ಹಳೇ ಕಾಗದ ಹುಡುಕೋಕೆ ಎರಡೆರಡು ಸಲ ಟೈಪ್ ಮಾಡ್ಬೇಕು.

ಗಂಗಾವತಿ_ಸೋನಾ: ಅದೆಲ್ಲಾ ಸರಿ, ಆದ್ರ ಬೆಂಕಿ ಇಲ್ದ ಹೊಗಿ ಬರತೈತೇನ್ರಿ?

ಲಿಂಗಸೂರು_ಅಕ್ಕ: ನಾಕು ಮಂದಿ ದಾಟಿದ್ರ ಯಾರು ಬೇಕಾದ್ರೂ ಯಾರಿಗಾದ್ರೂ ಸಿಗ್ತಾರಪ್ಪ. ಫೇಸ್‌ಬುಕ್‌ನವರೇ 2016ರಾಗ ಲೆಕ್ಕ ಹಾಕ್ಯಾರ, ತಮ್ಮಲ್ಲಿರೋ ಯಾವ ಇಬ್ಬರ ನಡುವಾದ್ರೂ ಸರಾಸರಿ 3.57 ಮಂದಿ ಅಂತ. ಮುಳುಗಿಸಿದಾವ ನಿನಗೇ ನೇರ ಪರಿಚಯ, ನಡುವ ಒಬ್ಬರೂ ಇಲ್ಲ! ಹುಡುಗನ ಕಡೆಯವರು ಹಿಂಗ ಗೂಗಲ್ ಹಿಡಿದು ಕುಂತ್ರ ನಿಮ್ಮ ಮನಿ ಹೆಸರು ಮದ್ಲು ಬರ್ತದ. ನಮ್ಮ ಕಾಕಾ ಆ ಊರ ಬಸ್ ಸ್ಟ್ಯಾಂಡ್‌ನಾಗ ಎರಡು ಚಾ ಕುಡದು ಎದ್ದು ಬರೂದ್ರಾಗ ಮೂರು ತಲೆಮಾರಿನ ಸುದ್ದಿ ತರ್ತಿದ್ದ (ಅದ್ರಾಗೂ ಅರ್ಧ ಸುಳ್ಳೇ ಇರ್ತಿತ್ತು ಬಿಡು).

ಬಿಸಿಲೂರು: ಅಕ್ಕಾ ಸರಿಯಾಗಿ ಹಾಕಿದ್ರಿ. ಸೋನಾ, ನಿಮ್ಮಪ್ಪನ ಹೆಸರು ಹಾಕಿ ನೋಡಿಯೇನು?

ಗಂಗಾವತಿ_ಸೋನಾ: ಈಗ ನೋಡಿದೆ. ಅದೇ ಪಟ್ಟಿ. ಅಪ್ಪ 113.